ಹಳೇ ಬಿಲ್ಲಿಂಗ್ ಪ್ರೋಗ್ರಾಂ ಮುಟ್ಟದೆ ಡಿಎಲ್‌ಎಲ್ ಮಾತ್ರ ಹೊಸ ಕಂಪೈಲರ್‌ಗೆ: ವಿಂಡೋಸ್ ಬಿಲ್ಡ್ ಫೈಲು, ಬೈನರಿ ಹೊಂದಾಣಿಕೆ

#1 ಹೇಮಾವತಿ_ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದಿ ಕೊಡುವ ಒಂದು ಸಣ್ಣ ಲೈಬ್ರರಿ ನಮ್ಮ ಕೈಲಿದೆ. ಹೆಸರು ‘ತೂಕ’. ಹೊರಗಿನ ಮುಖ ಪೂರ್ತಿ ಸಿ, ಒಳಗೆ ಸ್ವಲ್ಪ ಸಿ++. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್ ಮತ್ತು ಗೋದಾಮುಗಳಲ್ಲಿ ಇದನ್ನು ಕರೆಯುವ ಪ್ರೋಗ್ರಾಂ ಮೂರು ಥರ: ವಿಬಿ6ನಲ್ಲಿ (ವಿಷುಯಲ್ ಬೇಸಿಕ್ 6) ಬರೆದ ಬಿಲ್ಲಿಂಗ್ (32 ಬಿಟ್), ಆಫೀಸಿನ ಎಕ್ಸೆಲ್ ಮ್ಯಾಕ್ರೋ (64 ಬಿಟ್), ಚೀಲದ ಲೇಬಲ್ ಮುದ್ರಿಸುವ ಸಿ++ ಪ್ರೋಗ್ರಾಂ.

ಈಗಿನ ಪ್ರಾಜೆಕ್ಟ್ ಫೈಲು ವಿಷುಯಲ್ ಸ್ಟುಡಿಯೋ 2013ರದ್ದು, ಟೂಲ್‌ಸೆಟ್ (ಕಂಪೈಲರ್, ಲಿಂಕರ್ ಸೇರಿದ ಕಟ್ಟು) ವಿ120. ಅದನ್ನು 2022ಕ್ಕೆ, ಅಂದರೆ ವಿ143ಕ್ಕೆ ಒಯ್ಯಬೇಕು. ಬಿಲ್ಲಿಂಗ್ ಪ್ರೋಗ್ರಾಂ ಮತ್ತೆ ಕಂಪೈಲ್ ಆಗುವುದಿಲ್ಲ, ಅದರ ಪಕ್ಕದಲ್ಲಿರುವ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಕರೆಯುವ ಲೈಬ್ರರಿ ಫೈಲು) ಮಾತ್ರ ಬದಲಾಗಬೇಕು. ಕೆಲವು ಕೌಂಟರ್‌ಗಳಲ್ಲಿ ಇನ್ನೂ ವಿಂಡೋಸ್ 7 ಸರ್ವಿಸ್ ಪ್ಯಾಕ್ 1 ಇದೆ, ಎಷ್ಟೋ ಕಡೆ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ. ಪ್ರಾಜೆಕ್ಟ್ ಫೈಲಿನಲ್ಲಿ ಏನೇನು ನೋಡಬೇಕು? ಹಳೇ ಇಎಕ್ಸ್‌ಇ ಕೆಡದಂತೆ ಖಾತ್ರಿ ಮಾಡಿಕೊಳ್ಳುವುದು ಹೇಗೆ?

#2 ಮುಳ್ಳಯ್ಯನಗಿರಿ_64, ಚಿಕ್ಕಮಗಳೂರು

ಸರ್, ಹೊಸ ವಿಷುಯಲ್ ಸ್ಟುಡಿಯೋದಲ್ಲಿ ಪ್ರಾಜೆಕ್ಟ್ ತೆರೆಯುವ ಮೊದಲೇ ಒಂದು ಕೆಲಸ ಮಾಡಿ. ಈಗ ಕೌಂಟರ್‌ಗಳಲ್ಲಿ ಓಡುತ್ತಿರುವ ಡಿಎಲ್‌ಎಲ್ ತಂದಿಟ್ಟುಕೊಳ್ಳಿ. ಮತ್ತೆ ಬಿಲ್ಡ್ ಮಾಡಿದ್ದಲ್ಲ, ಅಲ್ಲಿ ನಿಜವಾಗಿ ಓಡುತ್ತಿರುವ ಪ್ರತಿಯೇ ಬೇಕು. ಅದರ ಮೇಲೆ ಡಂಪ್‌ಬಿನ್ (ಬೈನರಿ ಒಳಗೆ ಏನಿದೆ ತೋರಿಸುವ ಸಾಧನ) ಮೂರು ಸಲ ಓಡಿಸಿ: /ಎಕ್ಸ್‌ಪೋರ್ಟ್ಸ್, /ಡಿಪೆಂಡೆಂಟ್ಸ್, /ಹೆಡರ್ಸ್. ಮೂರರ ಫಲಿತಾಂಶವನ್ನೂ ಪಠ್ಯ ಫೈಲಾಗಿ ರೆಪೊಸಿಟರಿಯಲ್ಲೇ ಸೇರಿಸಿ. ಹೊಂದಾಣಿಕೆ ಅಂತ ನಾವು ಹೇಳುವುದು ಆ ಪಟ್ಟಿಯೇ. ಹೆಡರ್ ಫೈಲಿನಲ್ಲಿ ಏನು ಬರೆದಿದೆ ಅನ್ನುವುದು ಆಮೇಲಿನ ಮಾತು.

ಹೆಡರ್ಸ್‌ನಲ್ಲಿ ಮಷೀನ್ 14ಸಿ ಇದ್ದರೆ 32 ಬಿಟ್, 8664 ಇದ್ದರೆ 64 ಬಿಟ್. ಡಿಪೆಂಡೆಂಟ್ಸ್‌ನಲ್ಲಿ ಎಂಎಸ್‌ವಿಸಿಆರ್120 ಕಂಡರೆ ರನ್‌ಟೈಮ್ (ಸಿ ಭಾಷೆಯ ಮೂಲ ಫಂಕ್ಷನ್‌ಗಳ ಲೈಬ್ರರಿ) ಹೊರಗಿದೆ ಅಂತ, ಕಾಣದಿದ್ದರೆ ಒಳಗೇ ಸೇರಿದೆ ಅಂತ. ಎಕ್ಸ್‌ಪೋರ್ಟ್ಸ್ ಮಾತ್ರ ಕಣ್ಣಿಟ್ಟು ನೋಡಿ. 32 ಬಿಟ್‌ನಲ್ಲಿ ಎಸ್‌ಟಿಡಿಕಾಲ್ (ಕರೆಯುವ ಪದ್ಧತಿಗಳಲ್ಲಿ ಒಂದು) ಫಂಕ್ಷನ್‌ಗೆ ಡಿಕ್ಲ್‌ಸ್ಪೆಕ್ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಮಾತ್ರ ಹಾಕಿದ್ದರೆ ಹೆಸರು ‘_ತೂಕ_ಓದು@8’ ಅಂತ ಹೊರಬರುತ್ತದೆ. ಮುಂದೆ ಅಡಿಗೆರೆ, ಹಿಂದೆ ವಾದಗಳ (ಫಂಕ್ಷನ್‌ಗೆ ಕೊಡುವ ಮೌಲ್ಯಗಳ) ಒಟ್ಟು ಬೈಟ್. ಅದೇ ಫಂಕ್ಷನ್ ಡೆಫ್ ಫೈಲಿನಲ್ಲಿದ್ದರೆ (ಹೊರಗೆ ಕೊಡುವ ಹೆಸರುಗಳ ಪಟ್ಟಿ ಅದು) ‘ತೂಕ_ಓದು’ ಅಂತ ಬೋಳಾಗಿ ಬರುತ್ತದೆ. ಸಿಡೆಕ್ಲ್ ಆದರೆ ಎಕ್ಸ್‌ಪೋರ್ಟ್ ಹೆಸರಿಗೆ ಬೈಟ್ ಸಂಖ್ಯೆ ಅಂಟುವುದಿಲ್ಲ. 64 ಬಿಟ್‌ನಲ್ಲಿ ಕರೆಯುವ ಪದ್ಧತಿ ಒಂದೇ ಆದ್ದರಿಂದ ಸಿ ಹೆಸರಿಗೆ ಯಾವ ಅಲಂಕಾರವೂ ಇಲ್ಲ. 64ರಲ್ಲಿ ಪರೀಕ್ಷೆ ಮಾಡಿ ‘ಎಲ್ಲ ಸರಿ ಇದೆ’ ಅಂದುಕೊಂಡವರು 32ರಲ್ಲಿ ಎಡವುವುದು ಇಲ್ಲೇ.

ಡೆಫ್ ಫೈಲು ಇಲ್ಲದಿದ್ದರೆ ಈಗಲೇ ಬರೆಯಿರಿ. ಹಳೇ ಪಟ್ಟಿಯಲ್ಲಿರುವ ಪ್ರತಿ ಹೆಸರೂ, ಅದರ ಆರ್ಡಿನಲ್ ಸಂಖ್ಯೆಯೂ ಅದೇ ಕ್ರಮದಲ್ಲಿ ಬರಲಿ. ಆರ್ಡಿನಲ್ ಬರೆಯದಿದ್ದರೆ ಲಿಂಕರ್ ತನಗೆ ಬೇಕಾದಂತೆ ಸಂಖ್ಯೆ ಕೊಡುತ್ತದೆ, ಹೊಸ ಫಂಕ್ಷನ್ ಸೇರಿದಾಗ ಸಂಖ್ಯೆ ಜಾರುತ್ತದೆ. ಹೆಸರಿನಿಂದ ಕರೆಯುವವರಿಗೆ ಅದರಿಂದ ತೊಂದರೆ ಇಲ್ಲ. ಸಂಖ್ಯೆಯಿಂದ ಕರೆಯುವ ಒಂದೇ ಒಂದು ಇಎಕ್ಸ್‌ಇ ಎಲ್ಲಾದರೂ ಇದ್ದರೆ ಅದು ಬೇರೆಯದೇ ಫಂಕ್ಷನ್ ಒಳಗೆ ಹೊಕ್ಕುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಹೊಸದನ್ನು ಯಾವಾಗಲೂ ಕೊನೆಯ ಸಂಖ್ಯೆಗೆ ಸೇರಿಸಿ. ತೆಗೆದುಹಾಕಬೇಕಾದದ್ದನ್ನು ತೆಗೆಯಬೇಡಿ, ದೋಷ ಸಂಖ್ಯೆ ಹಿಂತಿರುಗಿಸುವ ಖಾಲಿ ಫಂಕ್ಷನ್ ಮಾಡಿ ಅಲ್ಲೇ ಬಿಡಿ.

#3 ಮೂಡಿಗೆರೆ_ವಿಬಿ, ಮೂಡಿಗೆರೆ

ವಿಬಿ6 ಕಡೆಯದ್ದು ನಾನು ಹೇಳುತ್ತೇನೆ. ಡಿಎಲ್‌ಎಲ್ ಫಂಕ್ಷನ್ ಪರಿಚಯಿಸುವ ಡಿಕ್ಲೇರ್ ಹೇಳಿಕೆ ಎಸ್‌ಟಿಡಿಕಾಲ್ ಒಂದನ್ನೇ ಬಲ್ಲದು. ದೋಷ ಸಂಖ್ಯೆ ನೋಡಿದರೆ ಎಲ್ಲಿ ಕೆಟ್ಟಿದೆ ಗೊತ್ತಾಗುತ್ತದೆ. 453 ಬಂದರೆ ಡಿಎಲ್‌ಎಲ್ ಸಿಕ್ಕಿದೆ, ಒಳಗೆ ಆ ಹೆಸರಿಲ್ಲ; ಡೆಫ್ ಫೈಲು ನೋಡಿ. 49 ಬಂದರೆ ಹೆಸರು ಸರಿ, ಕರೆಯುವ ಪದ್ಧತಿ ಅಥವಾ ವಾದಗಳ ಬೈಟ್ ಲೆಕ್ಕ ತಪ್ಪು. 53 ಬಂದರೆ ಫೈಲು ಸಿಗಲಿಲ್ಲ. ಈ 53 ತುಂಬ ಜನರ ದಾರಿ ತಪ್ಪಿಸುತ್ತದೆ ಕಣ್ರೀ: ತೂಕ.ಡಿಎಲ್‌ಎಲ್ ಕಣ್ಣೆದುರೇ ಇರುತ್ತದೆ, ಅದು ಅವಲಂಬಿಸಿರುವ ರನ್‌ಟೈಮ್ ಡಿಎಲ್‌ಎಲ್ ಇರುವುದಿಲ್ಲ. ಆಗಲೂ ಸಂದೇಶದಲ್ಲಿ ಬರುವುದು ತೂಕ.ಡಿಎಲ್‌ಎಲ್ ಹೆಸರೇ. 49ರ ತಪಾಸಣೆಯನ್ನು ಐಡಿಇ ಒಳಗೇ ಮಾಡಿ ಮುಗಿಸಿ, ಕಂಪೈಲ್ ಆದ ಇಎಕ್ಸ್‌ಇ ಅಷ್ಟು ಸ್ಪಷ್ಟವಾಗಿ ಹೇಳುತ್ತದೆ ಅಂತ ನಂಬಬೇಡಿ.

ಇನ್ನು ವಿಧಗಳು. ವಿಬಿ6ನ ಇಂಟಿಜರ್ 16 ಬಿಟ್, ಲಾಂಗ್ 32 ಬಿಟ್, ಬೂಲಿಯನ್ 16 ಬಿಟ್. ಸಿ++ನ ಬೂಲ್ 1 ಬೈಟ್, ವಿಂಡೋಸ್‌ನ ದೊಡ್ಡಕ್ಷರದ ಬೂಲ್ 4 ಬೈಟ್. ಹೌದು-ಇಲ್ಲ ಅನ್ನುವುದಕ್ಕೂ 32 ಬಿಟ್ ಪೂರ್ಣಾಂಕ ಬಳಸಿದರೆ ಜಗಳವೇ ಇಲ್ಲ. ಸ್ಟ್ರಕ್ಟ್‌ನಲ್ಲಿ ಡಬಲ್ ಇಡಲೇಬೇಡಿ. ವಿಬಿ6 ಅದನ್ನು 4 ಬೈಟ್ ಗಡಿಗೆ ಕೂರಿಸುತ್ತದೆ, ಮೈಕ್ರೋಸಾಫ್ಟ್ ಸಿ ಕಂಪೈಲರ್ 8 ಬೈಟ್ ಗಡಿಗೆ ಕೂರಿಸುತ್ತದೆ. ಒಂದು ಲಾಂಗ್ ಆದಮೇಲೆ ಡಬಲ್ ಬಂದರೆ ನಡುವೆ 4 ಬೈಟ್ ಖಾಲಿ ಜಾಗ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಹಳೇ ಸ್ಟ್ರಕ್ಟ್‌ನಲ್ಲಿ ಈಗಾಗಲೇ ಡಬಲ್ ಇದ್ದರೆ ಅದರ ಸುತ್ತ ಯಾವ ಪ್ಯಾಕ್ ಪ್ರಾಗ್ಮಾ (ಈ ಗಡಿಯನ್ನು ನಿಗದಿ ಮಾಡುವ ಸಾಲು) ಇದೆ ನೋಡಿಕೊಂಡು ಹಾಗೇ ಉಳಿಸಿ. ಪ್ರಾಗ್ಮಾ ಇಲ್ಲದೆ ಅದೇ ಕೆಲಸ ಮಾಡುವ ಪ್ರಾಜೆಕ್ಟ್ ಫೈಲಿನ /ಜೆಡ್‌ಪಿ ಆಯ್ಕೆಯಲ್ಲಿ 4 ಅಂತ ಹಾಕಿದ್ದರೆ, ಹೊಸ ಪ್ರಾಜೆಕ್ಟ್ ಫೈಲು ಬರೆಯುವಾಗ ಅದು ಬಿಟ್ಟುಹೋಗುತ್ತದೆ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ತೂಕ ಮಾತ್ರ ಕಸ ಸಂಖ್ಯೆಯಾಗಿ ಬರುತ್ತದೆ. ಅದಕ್ಕೇ ಪ್ರಾಗ್ಮಾ ಹೆಡರ್ ಒಳಗೇ ಇರಲಿ, ಪಕ್ಕದಲ್ಲಿ ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ಆಗುವ ತಪಾಸಣೆ) ಹಾಕಿ ಸ್ಟ್ರಕ್ಟ್‌ನ ಅಳತೆ ಮತ್ತು ಪ್ರತಿ ಸದಸ್ಯನ ಆಫ್‌ಸೆಟ್ ಬರೆದಿಡಿ.

#4 ಸಂತೆಪೇಟೆ_ಸಿಮೇಕ್, ಹಾಸನ

ರನ್‌ಟೈಮ್ ವಿಚಾರ. 2015ರಿಂದ ಈಚಿನ ಟೂಲ್‌ಸೆಟ್‌ಗಳು, ಅಂದರೆ ವಿ140, ವಿ141, ವಿ142, ವಿ143, ಒಂದಕ್ಕೊಂದು ಬೈನರಿ ಹೊಂದಿಕೊಳ್ಳುತ್ತವೆ. ಷರತ್ತು ಎರಡು: ಲಿಂಕ್ ಮಾಡುವ ಟೂಲ್‌ಸೆಟ್ ಒಳಗಿನ ಯಾವ ಆಬ್ಜೆಕ್ಟ್ ಫೈಲಿಗಿಂತಲೂ ಹಳೆಯದಾಗಿರಬಾರದು, ಮತ್ತು ಗ್ರಾಹಕರ ಯಂತ್ರದ ರೀಡಿಸ್ಟ್ರಿಬ್ಯೂಟಬಲ್ (ರನ್‌ಟೈಮ್ ಹಾಕುವ ಮೈಕ್ರೋಸಾಫ್ಟ್ ಪ್ಯಾಕೇಜ್) ಬಿಲ್ಡ್ ಮಾಡಿದ ಟೂಲ್‌ಸೆಟ್‌ನಷ್ಟಾದರೂ ಹೊಸದಿರಬೇಕು. /ಜಿಎಲ್ (ಪೂರ್ಣ ಪ್ರೋಗ್ರಾಂ ಆಪ್ಟಿಮೈಸೇಶನ್) ಹಾಕಿ ಕಂಪೈಲ್ ಮಾಡಿದ ಆಬ್ಜೆಕ್ಟ್‌ಗಳಿಗೆ ಈ ಭರವಸೆ ಇಲ್ಲ. ಸ್ಟ್ಯಾಟಿಕ್ ಲೈಬ್ರರಿ ಯಾರಿಗಾದರೂ ಕೊಡುತ್ತೀರಾದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಅವರಿಗೆ ಸಿ1047 ದೋಷ ಬರುತ್ತದೆ. ನಿಮ್ಮ ವಿ120 ಈ ಸಾಲಿನಿಂದ ಹೊರಗೆ. ಅದರ ಆಬ್ಜೆಕ್ಟ್ ಒಂದೂ ಹೊಸ ಬಿಲ್ಡ್‌ನೊಳಗೆ ಉಳಿಯಬಾರದು.

ವಿಂಡೋಸ್ 7ನಲ್ಲಿ ಯುಸಿಆರ್‌ಟಿ (2015ರಿಂದ ಈಚಿನ ಟೂಲ್‌ಸೆಟ್‌ಗಳ ಸಿ ರನ್‌ಟೈಮ್) ಹುಟ್ಟಿನಿಂದ ಇಲ್ಲ, ಕೆಬಿ2999226 ಅಪ್‌ಡೇಟ್ ಹಾಕಿದ್ದರೆ ಮಾತ್ರ ಇರುತ್ತದೆ. ವಿಂಡೋಸ್ 10ರಿಂದ ಅದು ಸಿಸ್ಟಮ್‌ನದ್ದೇ ಭಾಗ. ಇಂಟರ್ನೆಟ್ ಇಲ್ಲದ ಕೌಂಟರ್‌ಗಳಿಗೆ ಪ್ರತಿ ಸಲ ರೀಡಿಸ್ಟ್ರಿಬ್ಯೂಟಬಲ್ ಹೊತ್ತು ಘಾಟಿ ಹತ್ತುವ ಬದಲು /ಎಂಟಿ ಹಾಕಿ ರನ್‌ಟೈಮ್ ಅನ್ನು ಡಿಎಲ್‌ಎಲ್ ಒಳಗೇ ಸೇರಿಸುವುದು ನನ್ನ ಸಲಹೆ. ನಿಮ್ಮ ಹೊರಮುಖ ಪೂರ್ತಿ ಸಿ ಆಗಿರುವುದರಿಂದ ಇದು ಸಾಧ್ಯ.

/ಎಂಟಿ ಹಾಕಿದ ಮೇಲೆ ನಿಮ್ಮ ಡಿಎಲ್‌ಎಲ್‌ನ ಹೀಪ್ (ಓಡುವಾಗ ಮೆಮೊರಿ ಪಡೆಯುವ ಜಾಗ) ಬೇರೆ, ಕರೆಯುವವರ ಹೀಪ್ ಬೇರೆ ಅಂತಲೇ ಎಣಿಸಬೇಕು. ನೀವು ಮ್ಯಾಲಕ್ ಮಾಡಿದ್ದನ್ನು ಲೇಬಲ್ ಪ್ರೋಗ್ರಾಂ ಫ್ರೀ ಮಾಡಿದರೆ ಸಿ0000374, ಅಂದರೆ ಹೀಪ್ ಕೆಟ್ಟಿದೆ ಅಂತ ಬೀಳುತ್ತದೆ, ಅದೂ ಕೂಡಲೇ ಬೀಳುತ್ತದೆ ಅಂತಲ್ಲ. ಕೊಟ್ಟವರೇ ಬಿಡಿಸಿಕೊಳ್ಳುವಂತೆ ‘ತೂಕ_ಬಿಡು’ ಅನ್ನುವ ಫಂಕ್ಷನ್ ಇರಲಿ. ಇನ್ನೂ ಒಳ್ಳೆಯದು, ಕರೆಯುವವರೇ ಬಫರ್ ಮತ್ತು ಅದರ ಅಳತೆ ಕೊಡಲಿ. ಫೈಲ್ ಪಾಯಿಂಟರ್, ಎರ್‌ನೋ, ಲೊಕೇಲ್ ಯಾವುದೂ ಗಡಿ ದಾಟಬಾರದು. ಓಪನ್‌ಎಸ್‌ಎಸ್‌ಎಲ್‌ನವರು ‘ಆ್ಯಪ್‌ಲಿಂಕ್’ ಅಂತ ಒಂದು ಪ್ರತ್ಯೇಕ ಸಿ ಫೈಲನ್ನೇ ಇಟ್ಟುಕೊಂಡಿರುವುದು ಈ ಫೈಲ್ ಪಾಯಿಂಟರ್ ತೊಂದರೆಗೇ.

#5 ಮುಳ್ಳಯ್ಯನಗಿರಿ_64, ಚಿಕ್ಕಮಗಳೂರು

/ಎಂಟಿ ಬಗ್ಗೆ ನನ್ನ ತಕರಾರು ಒಂದೇ. ರನ್‌ಟೈಮ್‌ನಲ್ಲಿ ಭದ್ರತಾ ದೋಷ ಸಿಕ್ಕರೆ ಸಿಸ್ಟಮ್ ಅಪ್‌ಡೇಟ್ ನಿಮ್ಮ ಡಿಎಲ್‌ಎಲ್ ಒಳಗಿನ ಪ್ರತಿಯನ್ನು ಸರಿಪಡಿಸುವುದಿಲ್ಲ. ವಿಂಡೋಸ್ 10, 11 ಇರುವ ಕಡೆಗೆ ನಡುವಿನ ದಾರಿ ಇದೆ: /ಎಂಟಿ ಹಾಕಿ, ಲಿಂಕರ್‌ಗೆ /ನೋಡಿಫಾಲ್ಟ್‌ಲಿಬ್ ಮೂಲಕ ಲಿಬ್‌ಯುಸಿಆರ್‌ಟಿ.ಲಿಬ್ ಬಿಡಿಸಿ, /ಡಿಫಾಲ್ಟ್‌ಲಿಬ್ ಮೂಲಕ ಯುಸಿಆರ್‌ಟಿ.ಲಿಬ್ ಕೊಡಿ. ವಿಸಿರನ್‌ಟೈಮ್ ಒಳಗೆ ಸೇರುತ್ತದೆ, ಯುಸಿಆರ್‌ಟಿ ಸಿಸ್ಟಮ್‌ನದ್ದು ಬಳಕೆಯಾಗುತ್ತದೆ. ವಿಂಡೋಸ್ 7 ಕೌಂಟರ್‌ಗಳಿಗೆ ಮಾತ್ರ ಪೂರ್ತಿ /ಎಂಟಿ.

/ಎಂಡಿ (ರನ್‌ಟೈಮ್ ಹೊರಗಿನ ಡಿಎಲ್‌ಎಲ್‌ನಲ್ಲೇ ಇರುವ ಆಯ್ಕೆ) ಹಾಕಲೇಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ವಿಷುಯಲ್ ಸ್ಟುಡಿಯೋ 2022ರ 17.10ರಿಂದ ಸ್ಟ್ಯಾಂಡರ್ಡ್ ಮ್ಯೂಟೆಕ್ಸ್‌ನ ಕನ್‌ಸ್ಟ್ರಕ್ಟರ್ ಕಾನ್‌ಸ್ಟ್‌ಎಕ್ಸ್‌ಪ್ರ್ ಆಯಿತು. ಹಾಗೆ ಕಂಪೈಲ್ ಮಾಡಿದ ಡಿಎಲ್‌ಎಲ್ ಹಳೇ ಎಂಎಸ್‌ವಿಸಿಪಿ140 (ಸಿ++ ರನ್‌ಟೈಮ್ ಡಿಎಲ್‌ಎಲ್) ಇರುವ ಯಂತ್ರಕ್ಕೆ ಹೋದರೆ ಮೊದಲ ಲಾಕ್‌ನಲ್ಲೇ ಶೂನ್ಯ ವಿಳಾಸ ಮುಟ್ಟಿ ಬೀಳುತ್ತದೆ. ಸಿಸ್ಟಮ್‌ನಲ್ಲಿ ಹೊಸ ರೀಡಿಸ್ಟ್ರಿಬ್ಯೂಟಬಲ್ ಇದ್ದರೂ ಆಗಬಹುದು: ಲೇಬಲ್ ಪ್ರೋಗ್ರಾಂನ ಫೋಲ್ಡರಿನಲ್ಲಿ ಯಾರೋ ಎಂದೋ ಹಾಕಿದ ಹಳೇ ಎಂಎಸ್‌ವಿಸಿಪಿ140 ಉಳಿದಿದ್ದರೆ ಅದೇ ಮೊದಲು ಲೋಡ್ ಆಗುತ್ತದೆ, ನಿಮ್ಮ ಡಿಎಲ್‌ಎಲ್‌ಗೂ ಅದೇ ಸಿಗುತ್ತದೆ. ‘ಡಿಸೇಬಲ್ ಕಾನ್‌ಸ್ಟ್‌ಎಕ್ಸ್‌ಪ್ರ್ ಮ್ಯೂಟೆಕ್ಸ್ ಕನ್‌ಸ್ಟ್ರಕ್ಟರ್’ ಎಂಬ ಮ್ಯಾಕ್ರೋ ಇದಕ್ಕೆಂದೇ ಕೊಟ್ಟಿದ್ದಾರೆ.

#6 ಹೇಮಾವತಿ_ದಂಡೆ, ಹಾಸನ

ತುಂಬ ಉಪಯೋಗ ಆಯಿತು. /ಎಂಟಿ ಹಾಕಿ ಬಿಲ್ಡ್ ಕೊಟ್ಟರೆ ಲಿಂಕ್ ಹಂತದಲ್ಲಿ ‘ಐಒಬಿ_ಫಂಕ್’ ಸಿಗುತ್ತಿಲ್ಲ ಅಂತ ಎಲ್‌ಎನ್‌ಕೆ 2019 ಬರುತ್ತಿದೆ. ಯಂತ್ರದ ಭಾಷೆ ಬಿಡಿಸುವ ಒಂದು ಸ್ಟ್ಯಾಟಿಕ್ ಲೈಬ್ರರಿ ಒಳಗಿದೆ, ಅದು 2013ರಲ್ಲಿ ಕಂಪೈಲ್ ಆದದ್ದು, ಸೋರ್ಸ್ ಇದೆ. ಆ ಹೆಸರಿನ ಫಂಕ್ಷನ್ ನಾವೇ ಬರೆದು ಸೇರಿಸಿ ಅಂತ ಕೆಲವು ಕಡೆ ಉತ್ತರ ಇದೆ. ಹಾಗೆ ಮಾಡಬಹುದೇ?

#7 ಸಂತೆಪೇಟೆ_ಸಿಮೇಕ್, ಹಾಸನ

ಬೇಡ ಸರ್, ಖಂಡಿತ ಬೇಡ. 2013ರವರೆಗೆ ಸ್ಟ್ಯಾಂಡರ್ಡ್ ಔಟ್‌ಪುಟ್ ಅಂದರೆ ಆ ಫಂಕ್ಷನ್ ಕೊಡುವ ಅರೇಯ ಒಂದು ಸ್ಥಾನ. 2015ರಿಂದ ಫಂಕ್ಷನ್ನೂ ಬೇರೆ, ಫೈಲ್ ಸ್ಟ್ರಕ್ಟ್‌ನ ಒಳರೂಪವೂ ಬೇರೆ. ಹೆಸರು ಹುಟ್ಟಿಸಿಕೊಟ್ಟರೆ ಲಿಂಕರ್ ಬಾಯಿ ಮುಚ್ಚುತ್ತದೆ, ಆದರೆ ಹಳೇ ಆಬ್ಜೆಕ್ಟ್ ಹಳೇ ಅಳತೆಯಲ್ಲೇ ಅರೇ ಎಣಿಸಿ ತಪ್ಪು ಜಾಗಕ್ಕೆ ಬರೆಯುತ್ತದೆ. ಸೋರ್ಸ್ ಇರುವಾಗ ಯೋಚನೆಯೇ ಬೇಡ, ವಿ143ರಲ್ಲಿ ಮತ್ತೆ ಕಂಪೈಲ್ ಮಾಡಿ. ‘ಪ್ರಿಂಟ್‌ಎಫ್ ಸಿಗುತ್ತಿಲ್ಲ’ ಅನ್ನುವ ಥರದ ದೋಷಕ್ಕೆ ಲೆಗಸಿ_ಸ್ಟ್‌ಡಿಐಒ_ಡೆಫಿನಿಷನ್ಸ್.ಲಿಬ್ ಸೇರಿಸಬಹುದು, ಅದು ಬೇರೆ ಕಥೆ.

ಹಾಗೇ ಎಲ್‌ಎನ್‌ಕೆ 2038 ಬಂದರೆ ಗಾಬರಿ ಬೇಡ, ಅದು ಉಪಕಾರ. ಒಂದು ಆಬ್ಜೆಕ್ಟ್ /ಎಂಡಿ, ಇನ್ನೊಂದು /ಎಂಟಿ, ಅಥವಾ ಒಂದು ಡೀಬಗ್ ಇನ್ನೊಂದು ರಿಲೀಸ್ ಅಂತ ಲಿಂಕರ್ ಹೆಸರು ಹಿಡಿದು ತೋರಿಸುತ್ತದೆ. ಪ್ರಾಜೆಕ್ಟ್‌ನ ಪ್ರತಿ ಕಾನ್ಫಿಗರೇಶನ್‌ನಲ್ಲೂ ರನ್‌ಟೈಮ್ ಲೈಬ್ರರಿ ಆಯ್ಕೆ ಒಂದೇ ಇದೆಯಾ ನೋಡಿ.

#8 ಬಾಬಾಬುಡನ್_ಬಿಲ್ಡ್, ಚಿಕ್ಕಮಗಳೂರು

ಎಲ್ಲರೂ ಲಿಂಕ್ ಆಗುವುದರ ಬಗ್ಗೆ ಮಾತಾಡುತ್ತಿದ್ದೀರಿ. ಲಿಂಕ್ ಆಗಿ, ಲೋಡ್ ಆಗಿ, ಕ್ರ್ಯಾಶ್ ಆಗದೆ, ಬಿಲ್ ಬದಲಾಗುವ ಜಾಗ ಒಂದಿದೆ. ತೂಕದ ಲೈಬ್ರರಿಗೆ ಅದೇ ದೊಡ್ಡ ಅಪಾಯ.

ವಿಂಡೋಸ್ 10ರ 2004 ಆವೃತ್ತಿಯಿಂದ, ಅಂದರೆ ಬಿಲ್ಡ್ 19041ರಿಂದ, ಯುಸಿಆರ್‌ಟಿಯ ಪ್ರಿಂಟ್‌ಎಫ್ ದುಂಡಾಗಿಸುವ ಕ್ರಮ ಬದಲಾಗಿದೆ. ಬೈನರಿಯಲ್ಲಿ ನಿಖರವಾಗಿ ಕೂರುವ ಸಂಖ್ಯೆ 5ರಲ್ಲಿ ಮುಗಿದರೆ ಮೊದಲು ಯಾವಾಗಲೂ ಮೇಲಕ್ಕೆ ಹೋಗುತ್ತಿತ್ತು. ಈಗ ಐಇಇಇ 754 ನಿಯಮದಂತೆ ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ಒಂದು ಚೀಲ 50.125 ಕೆಜಿ ತೂಗಿತು ಅನ್ನಿ. ಎರಡು ದಶಾಂಶಕ್ಕೆ ಮುದ್ರಿಸಿದರೆ ಹಳೇ ಡಿಎಲ್‌ಎಲ್ 50.13 ಕೊಡುತ್ತದೆ, ಹೊಸದು 50.12 ಕೊಡುತ್ತದೆ. 50.625 ಆದರೆ ಹಳೆಯದು 50.63, ಹೊಸದು 50.62. 50.375 ಮತ್ತು 50.875ರಲ್ಲಿ ವ್ಯತ್ಯಾಸ ಇಲ್ಲ, ಎರಡರಲ್ಲೂ 50.38, 50.88. ಏಕೆಂದರೆ ಅಲ್ಲಿ ಸಮಸಂಖ್ಯೆ ಮೇಲಿನದ್ದೇ. 50.005ರಂಥವು ಬೈನರಿಯಲ್ಲಿ ನಿಖರವಾಗಿ ಕೂರುವುದೇ ಇಲ್ಲ, ಆದ್ದರಿಂದ ಅವುಗಳಿಗೆ ಈ ಬದಲಾವಣೆ ತಟ್ಟುವುದಿಲ್ಲ. ಹೀಗಾಗಿ ಯಾವುದೋ ನಾಲ್ಕು ತೂಕ ಹಾಕಿ ಪರೀಕ್ಷಿಸಿದರೆ ಎಲ್ಲ ಸರಿಯಾಗೇ ಕಾಣುತ್ತದೆ. .125 ಮತ್ತು .625 ಹಾಕಿಯೇ ನೋಡಬೇಕು.

ಇದರ ಜೊತೆಗೆ /ಎಂಡಿ ಸೇರಿದರೆ ಇನ್ನೂ ತೊಡಕು. ಡಿಎಲ್‌ಎಲ್ ಒಂದೇ, ಆದರೆ ವಿಂಡೋಸ್ 7 ಕೌಂಟರ್‌ನಲ್ಲಿ 50.13, ವಿಂಡೋಸ್ 11 ಆಫೀಸಿನಲ್ಲಿ 50.12. ಕೌಂಟರ್ ಚೀಟಿಗೂ ಆಫೀಸಿನ ಲೆಡ್ಜರಿಗೂ 10 ಗ್ರಾಂ ತಾಳೆಯಾಗುವುದಿಲ್ಲ. ಹಣ ಚಿಲ್ಲರೆಯೇ, ಆದರೆ ಬೆಳೆಗಾರರ ಮುಂದೆ ಎರಡು ಚೀಟಿ ಎರಡು ಲೆಕ್ಕ ಹೇಳಿದರೆ ತಕ್ಕಡಿಯ ಮೇಲಿನ ನಂಬಿಕೆಯೇ ಹೋಗುತ್ತದೆ. ಇದನ್ನು ಸಣ್ಣದು ಅಂತ ಬಿಡಬೇಡಿ, ದಯವಿಟ್ಟು.

ತಕ್ಷಣದ ಪರಿಹಾರ: ಲಿಂಕರ್ ಇನ್‌ಪುಟ್‌ಗೆ ಲೆಗಸಿ_ಸ್ಟ್‌ಡಿಐಒ_ಫ್ಲೋಟ್_ರೌಂಡಿಂಗ್.ಒಬಿಜೆ ಸೇರಿಸಿ, ಹಳೇ ಕ್ರಮ ವಾಪಸ್ ಬರುತ್ತದೆ. ಸರಿಯಾದ ಪರಿಹಾರ: ಒಳಗೆ ತೂಕವನ್ನು ಗ್ರಾಂ ಲೆಕ್ಕದ 32 ಬಿಟ್ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. 50125ಕ್ಕೆ 5 ಕೂಡಿ 10ರಿಂದ ಭಾಗಿಸಿದರೆ 5013, ಎಲ್ಲಾ ಯಂತ್ರದಲ್ಲೂ, ಎಲ್ಲಾ ಕಂಪೈಲರ್‌ನಲ್ಲೂ. ಪಠ್ಯವಾಗಿ ತೂಕ ಕೊಡುವ ಹಳೇ ಫಂಕ್ಷನ್ ಹಾಗೇ ಇರಲಿ, ಒಳಗೆ ಈ ಪೂರ್ಣಾಂಕದಿಂದ ಪಠ್ಯ ಕಟ್ಟಿ.

ಇದೇ ಜಾತಿಯದು ಇನ್ನೊಂದು: ಘಾತ ರೂಪದಲ್ಲಿ ಮುದ್ರಿಸುವಾಗ 2013ರವರೆಗೆ ಘಾತಕ್ಕೆ ಮೂರಂಕಿ, 2015ರಿಂದ ಕನಿಷ್ಠ ಎರಡಂಕಿ. ಲಾಗ್ ಫೈಲನ್ನು ಅಂಕಣ ಎಣಿಸಿ ಓದುವ ಸ್ಕ್ರಿಪ್ಟ್ ಇದ್ದರೆ ಕೆಡುತ್ತದೆ.

#9 ಹೇಮಾವತಿ_ದಂಡೆ, ಹಾಸನ

ಈಗಷ್ಟೇ ಪರೀಕ್ಷಿಸಿದೆ. 50.125ಕ್ಕೆ ನೀವು ಹೇಳಿದ ಹಾಗೇ ಬೇರೆ ಬೇರೆ ಬಂತು. ಗ್ರಾಂ ಪೂರ್ಣಾಂಕಕ್ಕೇ ಹೋಗುತ್ತೇವೆ.

ಪ್ರಾಜೆಕ್ಟ್ ಫೈಲಿನ ಪ್ರಶ್ನೆ ಉಳಿದಿದೆ. ಸೊಲ್ಯೂಶನ್ ಬಿಲ್ಡ್ ಆಗುತ್ತದೆ. ಪ್ರಾಜೆಕ್ಟ್ ಒಂದನ್ನೇ ಆಜ್ಞಾ ಸಾಲಿನ ಬಿಲ್ಡ್ ಸಾಧನ ಎಂಎಸ್‌ಬಿಲ್ಡ್‌ಗೆ ಕೊಟ್ಟರೆ ಎಂಎಸ್‌ಬಿ8013 ಬರುತ್ತದೆ.

#10 ಬಾಬಾಬುಡನ್_ಬಿಲ್ಡ್, ಚಿಕ್ಕಮಗಳೂರು

32 ಬಿಟ್‌ನ ಪ್ಲಾಟ್‌ಫಾರ್ಮ್ ಹೆಸರು ಸೊಲ್ಯೂಶನ್‌ನಲ್ಲಿ ‘ಎಕ್ಸ್86’, ಪ್ರಾಜೆಕ್ಟ್ ಫೈಲಿನಲ್ಲಿ ‘ವಿನ್32’. ಪ್ರಾಜೆಕ್ಟ್ ಕೊಟ್ಟಾಗ ಪ್ಲಾಟ್‌ಫಾರ್ಮ್ ವಿನ್32 ಅಂತ ಕೊಡಿ, ಹೋಗುತ್ತದೆ. ಎಂಎಸ್‌ಬಿ8020 ಬಂದರೆ ಆ ಟೂಲ್‌ಸೆಟ್ ಇನ್‌ಸ್ಟಾಲ್ ಆಗಿಲ್ಲ, ಎಂಎಸ್‌ಬಿ8036 ಬಂದರೆ ವಿಂಡೋಸ್ ಎಸ್‌ಡಿಕೆ ಇಲ್ಲ.

ವಿಸಿಎಕ್ಸ್‌ಪ್ರೊಜ್ ಫೈಲಿನಲ್ಲಿ, ಅಂದರೆ ಆ ಪ್ರಾಜೆಕ್ಟ್ ಫೈಲಿನಲ್ಲಿ, ಕ್ರಮ ಮುಖ್ಯ. ಟೂಲ್‌ಸೆಟ್, ಕಾನ್ಫಿಗರೇಶನ್ ವಿಧ ಇವು ಸಿಪಿಪಿ.ಡಿಫಾಲ್ಟ್.ಪ್ರಾಪ್ಸ್ ಇಂಪೋರ್ಟ್ ಆದಮೇಲೆ, ಸಿಪಿಪಿ.ಪ್ರಾಪ್ಸ್ ಇಂಪೋರ್ಟ್ ಆಗುವ ಮೊದಲು ಬರಬೇಕು. ಕಂಪೈಲರ್, ಲಿಂಕರ್ ಆಯ್ಕೆಗಳನ್ನು ಒಂದು ಪ್ರಾಪರ್ಟಿ ಶೀಟ್‌ಗೆ, ‘ತೂಕ.ಪ್ರಾಪ್ಸ್’ ಅನ್ನಿ, ಸಾಗಿಸಿ, ಪ್ರಾಪರ್ಟಿ ಶೀಟ್‌ಗಳ ಇಂಪೋರ್ಟ್ ಗುಂಪಿನಲ್ಲಿ ಸೇರಿಸಿ. ರನ್‌ಟೈಮ್ ಆಯ್ಕೆ, /ಜೆಡ್‌ಪಿ, ಡೆಫ್ ಫೈಲಿನ ಹೆಸರು, ಕನಿಷ್ಠ ವಿಂಡೋಸ್ ಆವೃತ್ತಿ 0601 (ಅದು ವಿಂಡೋಸ್ 7) ಎಲ್ಲ ಒಂದೇ ಕಡೆ. ನಾಲ್ಕು ಕಾನ್ಫಿಗರೇಶನ್‌ನಲ್ಲಿ ನಾಲ್ಕು ಸಲ ಬರೆದದ್ದು ಎಂದಾದರೂ ಒಂದು ದಿನ ಬೇರೆಯಾಗಿಯೇ ಆಗುತ್ತದೆ. ಈ ಆಯ್ಕೆಗಳನ್ನು ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್‌ನಲ್ಲಿ ಬರೆಯಬೇಡಿ, ಅದು ತೀರ ಮೊದಲೇ ಓದಿಕೊಳ್ಳುತ್ತದೆ, ಸಿ++ನ ಡಿಫಾಲ್ಟ್‌ಗಳು ಆಮೇಲೆ ಬಂದು ಅಳಿಸಿಬಿಡುತ್ತವೆ.

ಐಡಿಇ ‘ರೀಟಾರ್ಗೆಟ್’ ಅಂತ ಕೇಳಿದಾಗ ಸುಮ್ಮನೆ ಸರಿ ಅನ್ನಬಾರದು. ಟೂಲ್‌ಸೆಟ್ ಏರಿಸುವುದು ಪ್ರತ್ಯೇಕ ಕಮಿಟ್ ಆಗಲಿ, ಬೇರೆ ಬದಲಾವಣೆ ಅದರೊಳಗೆ ಬೆರೆಯದಿರಲಿ. ಗಿಟ್‌ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲಿ ಸೊಲ್ಯೂಶನ್, ವಿಸಿಎಕ್ಸ್‌ಪ್ರೊಜ್, ಫಿಲ್ಟರ್ಸ್ ಮೂರಕ್ಕೂ ಸಾಲಿನ ಕೊನೆ ಸಿಆರ್‌ಎಲ್‌ಎಫ್ ಅಂತ ನಿಗದಿ ಮಾಡಿ, ಇಲ್ಲದಿದ್ದರೆ ಯಾರೋ ಲಿನಕ್ಸ್‌ನಿಂದ ಒಂದು ಸಾಲು ತಿದ್ದಿದರೂ ಡಿಫ್‌ನಲ್ಲಿ ಇಡೀ ಫೈಲು ಬದಲಾದಂತೆ ಕಾಣುತ್ತದೆ. ಸೋರ್ಸ್‌ನಲ್ಲಿ ಕನ್ನಡ ಕಾಮೆಂಟ್ ಅಥವಾ ಕನ್ನಡ ಪಠ್ಯ ಇದ್ದರೆ /ಯುಟಿಎಫ್-8 ಆಯ್ಕೆ ಹಾಕಿ. ಇಲ್ಲದಿದ್ದರೆ ಕಂಪೈಲರ್ ಫೈಲನ್ನು ಆ ಯಂತ್ರದ ಕೋಡ್ ಪೇಜ್ ಪ್ರಕಾರ ಓದುತ್ತದೆ, ಸಿ4819 ಎಚ್ಚರಿಕೆ ಬರಬಹುದು, ಬಾರದೆಯೂ ಪಠ್ಯ ಕೆಡಬಹುದು.

#11 ಸಂತೆಪೇಟೆ_ಸಿಮೇಕ್, ಹಾಸನ

ಕೈಯಲ್ಲಿ ವಿಸಿಎಕ್ಸ್‌ಪ್ರೊಜ್ ತಿದ್ದುವ ಬದಲು ಅದನ್ನು ತಾನೇ ಹುಟ್ಟಿಸಿಕೊಡುವ ಸಿಮೇಕ್‌ಗೆ ಹೋಗಿ ಅಂತ ನಾನು ಹೇಳುವವನೇ. 3.15ರಿಂದ ರನ್‌ಟೈಮ್ ಆಯ್ಕೆಗೆ ಸಿಮೇಕ್_ಎಂಎಸ್‌ವಿಸಿ_ರನ್‌ಟೈಮ್_ಲೈಬ್ರರಿ ಎಂಬ ವೇರಿಯಬಲ್ ಇದೆ. ಸಿಎಂಪಿ0091 ಪಾಲಿಸಿ ಹೊಸದಕ್ಕೆ ಇಡದಿದ್ದರೆ ಅದು ಕೆಲಸ ಮಾಡುವುದಿಲ್ಲ, ಏನೂ ಹೇಳದೆ /ಎಂಡಿಯಲ್ಲೇ ಉಳಿಯುತ್ತದೆ. ಡೆಫ್ ಫೈಲನ್ನು ಸೋರ್ಸ್ ಪಟ್ಟಿಗೆ ಸೇರಿಸಿದರೆ ಸಾಕು, ಲಿಂಕರ್‌ಗೆ ತಾನೇ ಕೊಡುತ್ತದೆ. ‘ಎಲ್ಲ ಸಿಂಬಲ್ ಎಕ್ಸ್‌ಪೋರ್ಟ್ ಮಾಡು’ ಅನ್ನುವ ಆಯ್ಕೆ ಇದೆ, ಅದನ್ನು ಮಾತ್ರ ಮುಟ್ಟಬೇಡಿ. ಒಳಗಿನ ಸಹಾಯಕ ಫಂಕ್ಷನ್‌ಗಳೂ ಹೊರಗೆ ಬಂದು, ಯಾರಾದರೂ ಬಳಸಿದರೆ ಜೀವಮಾನವಿಡೀ ಸಾಕಬೇಕಾಗುತ್ತದೆ.

#12 ಮುಳ್ಳಯ್ಯನಗಿರಿ_64, ಚಿಕ್ಕಮಗಳೂರು

ಸಿಮೇಕ್ ಒಳ್ಳೆಯದೇ, ಆದರೆ ಈ ಸಲ ಬೇಡ ಅನ್ನಿಸುತ್ತದೆ. ಟೂಲ್‌ಸೆಟ್, ಬಿಲ್ಡ್ ವ್ಯವಸ್ಥೆ ಎರಡೂ ಒಟ್ಟಿಗೆ ಬದಲಾದರೆ ಏನಾದರೂ ಕೆಟ್ಟಾಗ ಯಾವುದರಿಂದ ಅಂತ ಹೇಳಲಾಗುವುದಿಲ್ಲ. ಮೊದಲು ವಿ143, ಅದು ಕೌಂಟರ್‌ಗಳಲ್ಲಿ ನಿಂತ ಮೇಲೆ ಸಿಮೇಕ್.

ಲೇಬಲ್ ಪ್ರೋಗ್ರಾಂ ಬಗ್ಗೆ ಯಾರೂ ಕೇಳಲಿಲ್ಲ. ಅದು ಸಿ ಫಂಕ್ಷನ್ನೇ ಕರೆಯುತ್ತದೋ, ಇಲ್ಲ ವರ್ಚುಯಲ್ ಫಂಕ್ಷನ್ ಇರುವ ಇಂಟರ್‌ಫೇಸ್ ಕ್ಲಾಸ್ ಪಡೆಯುತ್ತದೋ?

#13 ಹೇಮಾವತಿ_ದಂಡೆ, ಹಾಸನ

ಹೊರಮುಖ ಪೂರ್ತಿ ಸಿ ಅಂದಿದ್ದೆ, ಆದರೆ ಲೇಬಲ್ ಪ್ರೋಗ್ರಾಂಗೆ ಮಾತ್ರ ಇಂಟರ್‌ಫೇಸ್ ಕ್ಲಾಸ್ ಸರ್. ‘ಓದು’ ಅಂತ ಒಂದು ವರ್ಚುಯಲ್ ಫಂಕ್ಷನ್ ಇದೆ. ಗ್ರಾಂ ಕೊಡಲು ಇನ್ನೊಂದು ‘ಓದು’, ಬೇರೆ ವಾದದೊಂದಿಗೆ, ಕ್ಲಾಸಿನ ಕೊನೆಗೆ ಸೇರಿಸುವ ಯೋಚನೆ ಇತ್ತು.

#14 ಮುಳ್ಳಯ್ಯನಗಿರಿ_64, ಚಿಕ್ಕಮಗಳೂರು

ಅದೇ ಹೆಸರು ಇಡಲೇಬೇಡಿ. ಕ್ಲಾಸಿನಲ್ಲಿ ಕೊನೆಗೆ ಬರೆದರೂ ಮೈಕ್ರೋಸಾಫ್ಟ್ ಕಂಪೈಲರ್ ಒಂದೇ ಹೆಸರಿನ ವರ್ಚುಯಲ್ ಫಂಕ್ಷನ್‌ಗಳನ್ನು ವಿಟೇಬಲ್‌ನಲ್ಲಿ (ಅವುಗಳ ವಿಳಾಸಗಳ ಪಟ್ಟಿ) ಒಟ್ಟಿಗೆ ಗುಂಪು ಮಾಡುತ್ತದೆ, ಗುಂಪಿನೊಳಗೆ ಬರೆದ ಕ್ರಮವನ್ನು ತಿರುಗಿಸಿ ಇಡುತ್ತದೆ. ಅಂದರೆ ಹೊಸ ‘ಓದು’ ಹಳೆಯದರ ಜಾಗಕ್ಕೆ ಬಂದು ಕೂತು, ಹಳೆಯದೂ ಅದರ ಕೆಳಗಿನವೂ ಒಂದೊಂದು ಸ್ಥಾನ ಜರುಗುತ್ತವೆ. ಹಳೇ ಲೇಬಲ್ ಇಎಕ್ಸ್‌ಇ ಮೊದಲಿನ ಸ್ಥಾನವನ್ನೇ ಕರೆಯುತ್ತದೆ. ‘ಓದು_ಗ್ರಾಂ’ ಅಂತ ಹೊಸ ಹೆಸರಿಟ್ಟು ಕೊನೆಗೆ ಸೇರಿಸಿದರೆ ಹಳೆಯ ಸ್ಥಾನಗಳು ಕದಲುವುದಿಲ್ಲ. ಅದೂ ಬೇರೆ ಯಾರೂ ಆ ಕ್ಲಾಸಿನಿಂದ ವಂಶ ಬೆಳೆಸಿಲ್ಲ ಅಂತ ಖಾತ್ರಿ ಇದ್ದರೆ. ಇಲ್ಲದಿದ್ದರೆ ಎರಡನೇ ಇಂಟರ್‌ಫೇಸ್ ಮಾಡಿ, ಅದನ್ನು ಪಡೆಯಲು ಬೇರೆ ಸಿ ಫಂಕ್ಷನ್ ಕೊಡಿ.

ಮತ್ತೊಂದು, ಆ ಇಂಟರ್‌ಫೇಸ್‌ನಲ್ಲಿ ಸ್ಟ್ಯಾಂಡರ್ಡ್ ಸ್ಟ್ರಿಂಗ್, ವೆಕ್ಟರ್ ವಾದವಾಗಿ ಇದ್ದರೆ ವಿ120ರಲ್ಲಿ ಕಂಪೈಲ್ ಆದ ಲೇಬಲ್ ಪ್ರೋಗ್ರಾಂ ಹೊಸ ಡಿಎಲ್‌ಎಲ್ ಜೊತೆ ಓಡುವುದಿಲ್ಲ, ಒಳರೂಪಕ್ಕೆ ಯಾವ ಖಾತ್ರಿಯೂ ಇಲ್ಲ. ಪಾಯಿಂಟರ್ ಮತ್ತು ಅಳತೆ ಇದ್ದರೆ ಮಾತ್ರ ಸರಿ.

#15 ಮೂಡಿಗೆರೆ_ವಿಬಿ, ಮೂಡಿಗೆರೆ

ಕನ್ನಡ ಪಠ್ಯದ ಬಗ್ಗೆ ಒಂದು ಮಾತು ಮಾರಾಯ್ರೇ, ಇದು ನಮ್ಮ ಕಡೆ ಬಿಟ್ಟರೆ ಬೇರೆಯವರಿಗೆ ಹೊಳೆಯುವುದಿಲ್ಲ. ಬಿಲ್ಲಿಂಗ್ ಪ್ರೋಗ್ರಾಂ ಚೀಲದ ವಿವರ, ಬೆಳೆಗಾರರ ಹೆಸರು ಇವನ್ನು ಸ್ಟ್ರಿಂಗ್ ವಾದವಾಗಿ ಡಿಎಲ್‌ಎಲ್‌ಗೆ ಕೊಡುತ್ತದಲ್ಲ. ವಿಬಿ6 ಒಳಗೆ ಸ್ಟ್ರಿಂಗ್ ಯುಟಿಎಫ್-16, ಆದರೆ ಡಿಕ್ಲೇರ್ ಮೂಲಕ ಹೋಗುವಾಗ ಸಿಸ್ಟಮ್‌ನ ಆ್ಯನ್ಸಿ ಕೋಡ್ ಪೇಜ್‌ಗೆ ಇಳಿಸಿ ಕಳಿಸುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆ್ಯನ್ಸಿ ಕೋಡ್ ಪೇಜ್ ಇಲ್ಲವೇ ಇಲ್ಲ. ಯೂನಿಕೋಡ್ ಕನ್ನಡ ಕೊಟ್ಟರೆ ಆ ಕಡೆ ಬರುವುದು ಬರೀ ಪ್ರಶ್ನಾರ್ಥಕ ಚಿಹ್ನೆ. ಇಷ್ಟು ವರ್ಷ ನಡೆದಿದೆ ಅಂದರೆ ಅದು ನುಡಿ ಫಾಂಟಿನ ಹಳೇ ಎನ್‌ಕೋಡಿಂಗ್. ಅಲ್ಲಿ ಪ್ರತಿ ಕನ್ನಡ ಚೂರೂ ಒಂದು ಲ್ಯಾಟಿನ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ, ಆದ್ದರಿಂದ ಕೆಡದೆ ದಾಟುತ್ತದೆ.

ಈಗ ‘ಎಲ್ಲ ಯುಟಿಎಫ್-8 ಮಾಡೋಣ’ ಅಂತ ಹಳೇ ಫಂಕ್ಷನ್ನಿನ ಒಳಗೆ ಬೈಟ್‌ಗಳನ್ನು ಯುಟಿಎಫ್-8 ಅಂತ ಓದಲು ಶುರು ಮಾಡಿದರೆ ಹಳೇ ಬಿಲ್ಲುಗಳೆಲ್ಲ ಕೆಡುತ್ತವೆ. ಎಕ್ಸ್‌ಪೋರ್ಟ್ ಪಟ್ಟಿ ಹಾಗೇ ಇರುತ್ತದೆ, ನಿಮ್ಮ ಯಾವ ತಪಾಸಣೆಗೂ ಸಿಗುವುದಿಲ್ಲ. ಹಳೇ ಫಂಕ್ಷನ್ ಬೈಟ್‌ಗಳನ್ನು ಮುಟ್ಟದೆ ಹಾಗೇ ದಾಟಿಸಲಿ. ಯೂನಿಕೋಡ್‌ಗೆ ಬೇರೆ ಫಂಕ್ಷನ್ ಸೇರಿಸಿ, ಯುಟಿಎಫ್-16 ಪಾಯಿಂಟರ್ ತೆಗೆದುಕೊಳ್ಳುವಂಥದ್ದು. ವಿಬಿಯಲ್ಲಿ ಬೈವ್ಯಾಲ್ ಲಾಂಗ್ ಅಂತ ಡಿಕ್ಲೇರ್ ಮಾಡಿ ಸ್ಟ್ರ್‌ಪಿಟಿಆರ್ ಕೊಟ್ಟರೆ ಪರಿವರ್ತನೆ ಇಲ್ಲದೆ ನೇರ ಹೋಗುತ್ತದೆ. 64 ಬಿಟ್ ಎಕ್ಸೆಲ್‌ನಲ್ಲಿ ಅದೇ ವಾದ ಲಾಂಗ್‌ಪಿಟಿಆರ್, ಡಿಕ್ಲೇರ್ ಮುಂದೆ ಪಿಟಿಆರ್‌ಸೇಫ್.

ವಿಂಡೋಸ್ ಸೆಟ್ಟಿಂಗ್‌ನಲ್ಲಿ ‘ಜಗತ್ತಿನಾದ್ಯಂತ ಯುಟಿಎಫ್-8’ ಅನ್ನುವ ಬೀಟಾ ಟಿಕ್ ಇದೆ. ಅದನ್ನು ಹಾಕಿದ ಯಂತ್ರದಲ್ಲಿ ನುಡಿಯ 127ಕ್ಕಿಂತ ಮೇಲಿನ ಕೋಡ್‌ನ ಅಕ್ಷರಗಳು ಒಂದರ ಬದಲು ಎರಡು ಬೈಟ್ ಆಗುತ್ತವೆ. ‘ಹೆಸರು ಕೆಟ್ಟಿದೆ’ ಅಂತ ಫೋನ್ ಬಂದರೆ ಮೊದಲು ಆ ಟಿಕ್ ಕೇಳಿ.

#16 ಬಾಬಾಬುಡನ್_ಬಿಲ್ಡ್, ಚಿಕ್ಕಮಗಳೂರು

ಇವನ್ನೆಲ್ಲ ನೆನಪಿಟ್ಟುಕೊಂಡು ಮಾಡಲಾಗುವುದಿಲ್ಲ, ಬಿಲ್ಡ್ ಯಂತ್ರವೇ ನೋಡಬೇಕು. ಬಿಲ್ಡ್ ಮುಗಿದ ಮೇಲೆ ಡಂಪ್‌ಬಿನ್ ಓಡಿಸಿ, ಹೆಸರು ಮತ್ತು ಆರ್ಡಿನಲ್ ಸಾಲುಗಳನ್ನಷ್ಟೇ ಉಳಿಸಿ, ರೆಪೊಸಿಟರಿಯ ಪಟ್ಟಿಯೊಂದಿಗೆ ಎಫ್‌ಸಿ ಆಜ್ಞೆಯಿಂದ ಹೋಲಿಸಿ. ವ್ಯತ್ಯಾಸ ಬಂದರೆ ಬಿಲ್ಡ್ ನಿಲ್ಲಲಿ. ಹೊಸ ಫಂಕ್ಷನ್ ಸೇರಿಸಿದವರು ಪಟ್ಟಿಯನ್ನೂ ಅದೇ ಕಮಿಟ್‌ನಲ್ಲಿ ತಿದ್ದಬೇಕು, ಆಗ ನೋಡುವವರ ಕಣ್ಣಿಗೆ ಬೀಳುತ್ತದೆ. /ಇಂಪೋರ್ಟ್ಸ್ ಪಟ್ಟಿಯನ್ನೂ ಹೀಗೇ ನೋಡಿ. ವಿಂಡೋಸ್ 8ರಿಂದ ಮಾತ್ರ ಇರುವ ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್ ಥರದ್ದು ನುಸುಳಿದರೆ ವಿಂಡೋಸ್ 7ರಲ್ಲಿ ಡಿಎಲ್‌ಎಲ್ ಲೋಡ್ ಆಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹಿಂದಿನ ಬಿಡುಗಡೆಯ ಹೆಡರ್ ಮತ್ತು ಲಿಬ್ ಬಳಸಿ ಕಂಪೈಲ್ ಮಾಡಿದ ಪರೀಕ್ಷಾ ಇಎಕ್ಸ್‌ಇಯನ್ನು ಬೈನರಿಯಾಗಿಯೇ ಇಟ್ಟುಕೊಳ್ಳಿ. ಮತ್ತೆ ಕಂಪೈಲ್ ಮಾಡದೆ ಹೊಸ ಡಿಎಲ್‌ಎಲ್ ಪಕ್ಕದಲ್ಲಿಟ್ಟು ಓಡಿಸಿ. ಹೊಸದಾಗಿ ಕಂಪೈಲ್ ಮಾಡಿದ ಪರೀಕ್ಷೆ ಸೋರ್ಸ್ ಹೊಂದಾಣಿಕೆಯನ್ನು ಮಾತ್ರ ತೋರಿಸುತ್ತದೆ, ಸ್ಟ್ರಕ್ಟ್ ಅಳತೆ ಬದಲಾದರೆ ಅದೂ ಜೊತೆಗೇ ಬದಲಾಗುತ್ತದೆ. 50.125, 50.625 ಮತ್ತು ನುಡಿ ಬೈಟ್‌ಗಳ ಒಂದು ಹೆಸರು ಅದರೊಳಗೆ ಇರಲಿ. ಬಿಲ್ಡ್ ಯಂತ್ರದ ಟೂಲ್‌ಸೆಟ್ ತಾನಾಗಿ ಏರದಂತೆ ಕಂಪೈಲರ್ ಪರಿಸರ ಸಿದ್ಧಮಾಡುವ ವಿಸಿವಾರ್ಸ್‌ಆಲ್‌ ಸ್ಕ್ರಿಪ್ಟ್‌ಗೆ -ವಿಸಿವಾರ್ಸ್_ವರ್ ಕೊಟ್ಟು ನಿಖರ ಆವೃತ್ತಿ ಹಿಡಿದಿಡಿ. ಬಿಡುಗಡೆ ಮಾಡಿದ ಪ್ರತಿ ಡಿಎಲ್‌ಎಲ್‌ನ ಪಿಡಿಬಿ (ಡೀಬಗ್ ಮಾಹಿತಿಯ) ಫೈಲನ್ನೂ ಎತ್ತಿಡಿ, ಮತ್ತೆ ಬಿಲ್ಡ್ ಮಾಡಿದ ಪಿಡಿಬಿ ಹಳೇ ಡಿಎಲ್‌ಎಲ್‌ಗೆ ಹೊಂದುವುದಿಲ್ಲ.

#17 ಹೇಮಾವತಿ_ದಂಡೆ, ಹಾಸನ

ಕೊನೆಯದು, ಡಿಎಲ್‌ಎಲ್ ಹೆಸರು. 32 ಮತ್ತು 64 ಎರಡಕ್ಕೂ ತೂಕ.ಡಿಎಲ್‌ಎಲ್ ಅಂತಲೇ ಇಡಬಹುದೇ? ಸಿಸ್ಟಮ್32ಗೆ ಹಾಕುವ ರೂಢಿ ಕೆಲವು ಕಡೆ ಇದೆ. ಹೊಸ ಲೇಬಲ್ ಪ್ರೋಗ್ರಾಂ ಹಳೇ ಡಿಎಲ್‌ಎಲ್ ಇರುವ ಕೌಂಟರ್‌ಗೆ ಹೋದರೆ ಏನಾಗುತ್ತದೆ?

#18 ಮುಳ್ಳಯ್ಯನಗಿರಿ_64, ಚಿಕ್ಕಮಗಳೂರು

32ರದ್ದು ತೂಕ.ಡಿಎಲ್‌ಎಲ್ ಅಂತಲೇ ಉಳಿಯಬೇಕು, ಬಿಲ್ಲಿಂಗ್ ಪ್ರೋಗ್ರಾಂ ಒಳಗೆ ಆ ಹೆಸರು ಬರೆದಾಗಿದೆ. 64ರದ್ದು ತೂಕ64.ಡಿಎಲ್‌ಎಲ್ ಮಾಡಿ, ಎಕ್ಸೆಲ್ ಮ್ಯಾಕ್ರೋದಲ್ಲಿ ‘ವಿನ್64’ ಷರತ್ತಿನೊಳಗೆ ಎರಡು ಡಿಕ್ಲೇರ್ ಬರೆಯಲಿ, 32 ಬಿಟ್ ಆಫೀಸ್ ಇರುವವರಿಗೂ ಅದೇ ಹಾಳೆ ನಡೆಯುತ್ತದೆ. ಒಂದೇ ಹೆಸರಿಟ್ಟರೆ ಯಾರೋ ತಪ್ಪು ಫೈಲು ನಕಲು ಮಾಡಿ ಸಿ000007ಬಿ (32, 64 ಬೆರೆತಾಗ ಬರುವ ದೋಷ) ನೋಡುತ್ತಾ ಕೂರುತ್ತಾರೆ. ಸಿಸ್ಟಮ್32 ಬೇಡ, 32 ಬಿಟ್ ಪ್ರೋಗ್ರಾಂ ಅಲ್ಲಿ ಹುಡುಕಿದರೆ ವಿಂಡೋಸ್ ಅದನ್ನು ಸಿಸ್‌ವಾವ್64ಗೆ ತಿರುಗಿಸುತ್ತದೆ. ಇಎಕ್ಸ್‌ಇ ಇರುವ ಫೋಲ್ಡರ್‌ಗೇ ಹಾಕಿ.

ಹೊಸ ಪ್ರೋಗ್ರಾಂ, ಹಳೇ ಡಿಎಲ್‌ಎಲ್ ಸೇರಿದಾಗ: ಲಿಬ್ ಮೂಲಕ ಲಿಂಕ್ ಆದ ಸಿ++ ಪ್ರೋಗ್ರಾಂ ಶುರುವಾಗುವ ಮುನ್ನವೇ ಸಿ0000139, ಅಂದರೆ ಫಂಕ್ಷನ್ ಸಿಗಲಿಲ್ಲ ಅಂತ, ಕೊಟ್ಟು ನಿಲ್ಲುತ್ತದೆ. ವಿಬಿ ಮತ್ತು ಎಕ್ಸೆಲ್ ಡಿಕ್ಲೇರ್ ಫಂಕ್ಷನ್ ಹುಡುಕುವುದು ಮೊದಲ ಸಲ ಕರೆದಾಗ, ಹಾಗಾಗಿ ಅರ್ಧ ದಿನ ಸರಿಯಾಗಿ ಓಡಿ, ಆ ಬಟನ್ ಒತ್ತಿದಾಗ 453 ಬರುತ್ತದೆ. ಅದಕ್ಕೆ ‘ತೂಕ_ಆವೃತ್ತಿ’ ಎಂಬ ಫಂಕ್ಷನ್ ಈ ಬಿಡುಗಡೆಯಲ್ಲೇ ಸೇರಿಸಿ, ವಾದ ಇಲ್ಲದೆ 32 ಬಿಟ್ ಸಂಖ್ಯೆ ಹಿಂತಿರುಗಿಸಲಿ. ಲೇಬಲ್ ಪ್ರೋಗ್ರಾಂ ಲೋಡ್‌ಲೈಬ್ರರಿ ಮಾಡಿ ಗೆಟ್‌ಪ್ರೊಕ್‌ಅಡ್ರೆಸ್‌ನಿಂದ ಮೊದಲು ಅದನ್ನೇ ಕೇಳಲಿ. ಸಿಗದಿದ್ದರೆ ಹಳೇ ಡಿಎಲ್‌ಎಲ್ ಅಂತ ತಿಳಿದು ಹಳೇ ‘ಓದು’ ಬಳಸಲಿ. ಎಕ್ಸೆಲ್ ಹಾಳೆ ತೆರೆದ ಕೂಡಲೇ ಅದೇ ಫಂಕ್ಷನ್ ಕರೆದು, 453 ಬಂದರೆ ‘ಡಿಎಲ್‌ಎಲ್ ಹಳೆಯದು’ ಅಂತ ಕನ್ನಡದಲ್ಲೇ ಹೇಳಲಿ.

#19 ಹೇಮಾವತಿ_ದಂಡೆ, ಹಾಸನ

ಸರಿ ಸರ್. ಡೆಫ್ ಫೈಲಿನಲ್ಲಿ ಹಳೇ 14 ಹೆಸರುಗಳೂ ಅದೇ ಆರ್ಡಿನಲ್‌ನಲ್ಲಿ ಕೂತವು. 15ಕ್ಕೆ ‘ತೂಕ_ಆವೃತ್ತಿ’, 16ಕ್ಕೆ ‘ತೂಕ_ಓದು_ಗ್ರಾಂ’, 17ಕ್ಕೆ ಯುಟಿಎಫ್-16 ಹೆಸರಿನ ಫಂಕ್ಷನ್. ಮೊದಲು ಸಕಲೇಶಪುರದ ಒಂದು ವಿಂಡೋಸ್ 7 ಕೌಂಟರ್‌ನಲ್ಲಿ ಹಾಕುತ್ತೇವೆ, ಹಳೇ ಡಿಎಲ್‌ಎಲ್ ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಇರುತ್ತದೆ. ಫಲಿತಾಂಶ ಇಲ್ಲೇ ಹಾಕುತ್ತೇನೆ.